ಮೂವರನ್ನು ಕೇಳಿದ್ದೀರಿ, ಮೂವರೂ ಬೇರೆ ಬೇರೆ ಶಾಲೆಯ ಬಗ್ಗೆ ಹೇಳಿದ್ದಾರೆ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆ ಹಳೇ ಊರಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷ. ಮಂಡಿಪೇಟೆಯಲ್ಲಿ ಅಂಗಡಿ ಕೆಲಸ. ಮಗಳು ಅದೇ ಶಾಲೆಯಲ್ಲಿ ಆರನೇ ಕ್ಲಾಸ್. ವರ್ಷದಿಂದ ವರ್ಷಕ್ಕೆ ಒಂದನೇ ಕ್ಲಾಸಿಗೆ ಸೇರುವವರು ಕಡಿಮೆ ಆಗುತ್ತಿದ್ದಾರೆ. ಜನ ಏನಂತಾರೆ ನೋಡೋಣ ಅಂತ ಒಂದು ಸರ್ವೆ ಮಾಡಿದೆವು. ಮಕ್ಕಳಿಗೆ ಕ್ಲಾಸಿನಲ್ಲೇ ಚೀಟಿ ಕೊಟ್ಟು ಬರೆಸಿದೆವು, ಹೆಚ್ಚುಕಡಿಮೆ ಎಲ್ಲರೂ ‘ನಮ್ಮ ಶಾಲೆ ಚೆನ್ನಾಗಿದೆ’ ಅಂತ ಬರೆದರು. ತಂದೆ ತಾಯಿಯರನ್ನು ಸಭೆಗೆ ಕರೆದು ಕೇಳಿದೆವು, ‘ಪರವಾಗಿಲ್ಲ, ಚೆನ್ನಾಗಿ ಹೇಳಿಕೊಡ್ತಾರೆ’ ಅಂದರು. ಆದರೆ ಅವರಲ್ಲೇ ಎಷ್ಟೋ ಜನ ಚಿಕ್ಕ ಮಗುವನ್ನು ಪ್ರೈವೇಟ್ ಎಲ್‌ಕೆಜಿಗೆ ಹಾಕಿದ್ದಾರೆ. ಓಣಿಯ ಮುಖಂಡರು ‘ಸರ್ಕಾರಿ ಶಾಲೆ ಉಳಿಸಬೇಕು’ ಅಂತ ಶುರು ಮಾಡಿದರು. ಕೊನೆಗೆ ಅವರಲ್ಲೇ ಒಬ್ಬರು ‘ನಮ್ಮ ಕಡೆಯವರ ಮಕ್ಕಳು ಯಾರೂ ಅಲ್ಲಿಗೆ ಹೋಗಲ್ಲ ಬಿಡಿ’ ಅಂದರು. ಯಾರ ಮಾತು ನಂಬಬೇಕು? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಅಧ್ಯಕ್ಷರೇ, ನಮಸ್ಕಾರ. ಮೂವರೂ ನಿಮಗೆ ಸುಳ್ಳು ಹೇಳಿಲ್ಲ. ಮಕ್ಕಳು ಹೇಳಿದ್ದು ತಮ್ಮ ಕ್ಲಾಸ್‌ರೂಮಿನ ಬಗ್ಗೆ. ಪೋಷಕರು ಹೇಳಿದ್ದು ಆ ಸಭೆಯಲ್ಲಿ ಎದುರು ಕೂತಿದ್ದ ಮೇಷ್ಟ್ರು ಮೇಡಂಗಳ ಬಗ್ಗೆ. ಮುಖಂಡರು ಹೇಳಿದ್ದು ತಾವು ಓದಿದ ಕಾಲದ ಶಾಲೆಯ ಬಗ್ಗೆ, ಮತ್ತೆ ಈಗ ಗೇಟಿನ ಹೊರಗಿನಿಂದ ಕಾಣುವ ಕಟ್ಟಡದ ಬಗ್ಗೆ. ಹಾಗಾಗಿ ‘ಯಾರನ್ನು ನಂಬಬೇಕು’ ಅನ್ನುವುದಕ್ಕಿಂತ ‘ಯಾರಿಗೆ ಏನು ಗೊತ್ತು’ ಅಂತ ಕೇಳಿಕೊಂಡರೆ ದಾರಿ ಕಾಣುತ್ತದೆ.

ಇದು ದಾವಣಗೆರೆಯಲ್ಲಿ ಮಾತ್ರ ಇರುವ ವಿಚಿತ್ರ ಅಲ್ಲ. ಅಮೆರಿಕದಲ್ಲಿ 1969ರಿಂದ ಫೈ ಡೆಲ್ಟಾ ಕಪ್ಪಾ ಅನ್ನುವ ಸಂಸ್ಥೆ ಸರ್ಕಾರಿ ಶಾಲೆಗಳ ಬಗ್ಗೆ ಜನಾಭಿಪ್ರಾಯ ಕೇಳುತ್ತಾ ಬಂದಿದೆ. ಶಾಲೆಗೆ ಗ್ರೇಡ್ ಕೊಡಿ ಅಂತಾರೆ. ಅಲ್ಲಿ ಮತ್ತೆ ಮತ್ತೆ ಕಂಡಿದ್ದು ಇಷ್ಟು: ಜನ ತಮ್ಮ ಮಗು ಹೋಗುವ ಶಾಲೆಗೆ ಒಳ್ಳೆ ಗ್ರೇಡ್ ಕೊಡುತ್ತಾರೆ, ತಮ್ಮ ಊರಿನ ಶಾಲೆಗಳಿಗೆ ಸ್ವಲ್ಪ ಕಡಿಮೆ, ದೇಶದ ಶಾಲೆಗಳಿಗೆ ಇನ್ನೂ ಕಡಿಮೆ. ದೂರ ಹೋದಷ್ಟೂ ಮಾರ್ಕ್ಸ್ ಇಳಿಯುತ್ತದೆ. ಹತ್ತಿರ ಇರುವವರಿಗೆ ಮೇಷ್ಟ್ರ ಮುಖ ಗೊತ್ತು, ದೂರದವರಿಗೆ ಬರೀ ಸುದ್ದಿ ಗೊತ್ತು. ನಿಮ್ಮ ಸರ್ವೆಯಲ್ಲೂ ಅದೇ ಮೆಟ್ಟಿಲು ಇದೆ. ಒಳಗಿರುವ ಮಗು ಚೆನ್ನಾಗಿದೆ ಅಂದಿತು, ಬಾಗಿಲಲ್ಲಿ ನಿಂತ ತಾಯಿ ಪರವಾಗಿಲ್ಲ ಅಂದಳು, ರಸ್ತೆಯಲ್ಲಿ ನಿಂತ ಮುಖಂಡ ಯಾರೂ ಹೋಗಲ್ಲ ಅಂದ.

ಮಕ್ಕಳ ಚೀಟಿಯಿಂದ ಶುರು ಮಾಡೋಣ. ಕ್ಲಾಸಿನಲ್ಲಿ ಚೀಟಿ ಕೊಟ್ಟಿದ್ದು ಯಾರು? ಅದೇ ಕ್ಲಾಸಿನ ಟೀಚರ್ ಆಗಿದ್ದರೆ ಆ ಚೀಟಿಗಳನ್ನು ಪಕ್ಕಕ್ಕಿಡಿ. ಟೀಚರ್ ಎದುರು ನಿಂತು ‘ಶಾಲೆ ಹೇಗಿದೆ’ ಅಂದರೆ ಚೆನ್ನಾಗಿದೆ ಅನ್ನದೆ ಇನ್ನೇನು ಬರೆಯುತ್ತವೆ? ಪಕ್ಕದವನದ್ದು ನೋಡಿ ಬರೆಯುವುದು ಬೇರೆ. ಅಲ್ಲದೆ ‘ಶಾಲೆ ಹೇಗಿದೆ’ ಅನ್ನುವುದು ಮಕ್ಕಳಿಗೆ ಪ್ರಶ್ನೆಯೇ ಅಲ್ಲ. ಮಕ್ಕಳಿಗೆ ಶಾಲೆ ಅಂದರೆ ಪಕ್ಕ ಕೂರುವ ಗೆಳೆಯ, ಮೇಷ್ಟ್ರ ಸಿಟ್ಟು, ಪಿ.ಟಿ. ಪೀರಿಯಡ್ಡು, ಟಾಯ್ಲೆಟ್ಟಿನ ಚಿಲಕ, ಮಧ್ಯಾಹ್ನದ ಮೊಟ್ಟೆ. ಅದನ್ನೇ ಕೇಳಬೇಕು. ‘ಯಾವ ಪೀರಿಯಡ್ ಬೇಗ ಮುಗಿದ ಹಾಗೆ ಅನಿಸುತ್ತೆ? ಯಾವುದು ಮುಗಿಯೋದೇ ಇಲ್ಲ? ಮಧ್ಯಾಹ್ನದ ತನಕ ನೀರು ಕುಡಿಯದೆ ಇರೋರು ಯಾರು, ಯಾಕೆ? ನಿನ್ನ ತಂಗಿಯನ್ನು ಇಲ್ಲಿಗೆ ಸೇರಿಸು ಅಂತ ಅಮ್ಮನಿಗೆ ಹೇಳ್ತೀಯಾ?’

ನೀರಿನ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ದೊಡ್ಡ ಹುಡುಗಿಯರು ನೀರು ಕಡಿಮೆ ಕುಡಿಯುತ್ತಿದ್ದಾರೆ ಅಂದರೆ ಟಾಯ್ಲೆಟ್ಟಿಗೆ ಹೋಗಲು ಅವರಿಗೆ ಮನಸ್ಸಿಲ್ಲ ಅಂತ ಅರ್ಥ. ಕಟ್ಟಡದ ಲೆಕ್ಕದಲ್ಲಿ ‘ಶೌಚಾಲಯ ಇದೆ’ ಅಂತಲೇ ಇರುತ್ತದೆ. ಇದೆ, ನೀರಿಲ್ಲ. ನೀರಿದೆ, ಬೀಗ ಹಾಕಿದೆ. ಬೀಗ ತೆಗೆದಿದೆ, ಒಳಗಿನ ಚಿಲಕ ಕಿತ್ತುಹೋಗಿದೆ. ಇದು ಮಕ್ಕಳಿಗೆ ಮಾತ್ರ ಗೊತ್ತಿರುವ ಸಂಗತಿ. ಮನೆಗೆ ಹೋಗಿ ಅಮ್ಮನ ಹತ್ತಿರ ಒಂದೇ ಒಂದು ಸಲ ಹೇಳಿದರೂ ಸಾಕು, ಆ ಅಮ್ಮ ಸಭೆಯಲ್ಲಿ ಏನೂ ಅನ್ನುವುದಿಲ್ಲ, ಆದರೆ ಮುಂದಿನ ವರ್ಷ ಟಿಸಿ ಕೇಳಿಕೊಂಡು ಬರುತ್ತಾಳೆ.

ಇನ್ನೊಂದು, ಮೂರನೇ ಕ್ಲಾಸಿನವರನ್ನೂ ಏಳನೇ ಕ್ಲಾಸಿನವರನ್ನೂ ಒಂದೇ ರಾಶಿಗೆ ಹಾಕಬೇಡಿ. ಚಿಕ್ಕ ಮಕ್ಕಳಿಗೆ ಟೀಚರ್ ಪ್ರೀತಿಯಿಂದ ಮಾತಾಡಿಸಿದರೆ ಅದೇ ಸ್ವರ್ಗ. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ನಾಚಿಕೆ ಶುರುವಾಗುತ್ತದೆ. ಹಳ್ಳಿಯಲ್ಲಿ ಒಂದೇ ಶಾಲೆ ಇದ್ದರೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ, ಹೋಲಿಕೆ ಕಡಿಮೆ. ಸಿಟಿಯಲ್ಲಿ ಬೆಳಿಗ್ಗೆ ಒಂದೇ ಓಣಿಯಿಂದ ನಾಲ್ಕು ತರದ ಯೂನಿಫಾರ್ಮ್ ಹೊರಡುತ್ತದೆ. ಒಬ್ಬ ಟೈ ಬೆಲ್ಟ್ ಹಾಕಿಕೊಂಡು ವ್ಯಾನ್ ಹತ್ತುತ್ತಾನೆ, ಇನ್ನೊಬ್ಬ ಸರ್ಕಾರ ಕೊಟ್ಟ ಬಟ್ಟೆ ಹಾಕಿಕೊಂಡು ನಡೆದು ಹೋಗುತ್ತಾನೆ. ಇಬ್ಬರೂ ಸಂಜೆ ಒಟ್ಟಿಗೆ ಕ್ರಿಕೆಟ್ ಆಡುತ್ತಾರೆ, ಆಟದಲ್ಲಿ ಜಗಳ ಬಂದಾಗ ‘ಏ ಸರ್ಕಾರಿ ಸಾಲಿ’ ಅನ್ನುವುದು ಬೈಗುಳ ಆಗುತ್ತದೆ. ಆ ಹುಡುಗನಿಗೆ ತನ್ನ ಶಾಲೆ ಕೆಟ್ಟದ್ದು ಅಂತ ಅಲ್ಲ, ಶಾಲೆಯ ಹೆಸರು ಹೇಳುವುದಕ್ಕೆ ಕಷ್ಟ. ಇವೆರಡೂ ಬೇರೆ ಬೇರೆ. ಚೀಟಿಯಲ್ಲಿ ಎರಡನೆಯದು ಬರುವುದಿಲ್ಲ.

ಈಗ ಪೋಷಕರು. ನೀವು ಸಭೆಗೆ ಕರೆದಿರಿ ಅಂದಿರಿ. ಎಷ್ಟು ಗಂಟೆಗೆ? ಶನಿವಾರ ಬೆಳಿಗ್ಗೆ ಅಂದರೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು, ಎಪಿಎಂಸಿಯ ಹಮಾಲರು, ಮನೆಗೆಲಸಕ್ಕೆ ಪಿ.ಜೆ. ಬಡಾವಣೆ ಕಡೆ ಹೋಗುವ ಹೆಣ್ಣುಮಕ್ಕಳು ಯಾರೂ ಬರಲಾರರು. ಒಂದು ದಿನ ತಪ್ಪಿಸಿದರೆ ಆ ದಿನದ ಕೂಲಿ ಇಲ್ಲ. ಬಂದವರು ಯಾರು? ಬಿಡುವಿದ್ದವರು, ಮೇಷ್ಟ್ರ ಜೊತೆ ಸಲಿಗೆ ಇದ್ದವರು, ಇಲ್ಲಾ ಏನೋ ಸಹಿ ಬೇಕಿದ್ದವರು. ‘ಪೋಷಕರಿಗೆ ಆಸಕ್ತಿ ಇಲ್ಲ’ ಅಂತ ಶಾಲೆಯವರು ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಸಭೆಯನ್ನು ರಾತ್ರಿ ಏಳಕ್ಕೆ ಓಣಿಯ ಕಟ್ಟೆಯ ಮೇಲೆ ಇಟ್ಟು ನೋಡಿ, ಆಮೇಲೆ ಆಸಕ್ತಿಯ ಲೆಕ್ಕ ಹಾಕೋಣ.

ಅದಕ್ಕಿಂತ ದೊಡ್ಡ ತೊಂದರೆ, ನೀವು ಕೇಳಿದ್ದು ಈಗಾಗಲೇ ನಿಮ್ಮ ಶಾಲೆಯಲ್ಲಿ ಮಗು ಇರುವವರನ್ನು ಮಾತ್ರ. ನಿಮಗೆ ಬೇಕಾಗಿದ್ದು ಬಿಟ್ಟು ಹೋದವರ ಮಾತು, ಬರದೇ ಇದ್ದವರ ಮಾತು. ಹೆಡ್‌ಮಾಸ್ಟರ್ ಹತ್ತಿರ ಕಳೆದ ಎರಡು ಮೂರು ವರ್ಷದಲ್ಲಿ ಟಿಸಿ ತೆಗೆದುಕೊಂಡವರ ಪಟ್ಟಿ ಇರುತ್ತದೆ. ಅಂಗನವಾಡಿ ಟೀಚರ್ ಹತ್ತಿರ ಮೂರರಿಂದ ಆರು ವರ್ಷದ ಮಕ್ಕಳ ಪಟ್ಟಿ ಇರುತ್ತದೆ. ಸರ್ವೆ ಮಾಡಬೇಕಾಗಿದ್ದು ಆ ಮನೆಗಳಲ್ಲಿ.

ಅಲ್ಲಿ ಏನು ಸಿಗುತ್ತದೆ ಅಂತ ಅನುಭವದಿಂದ ಹೇಳುತ್ತೇನೆ. ಶಾಲೆ ಆರಿಸುವ ತೀರ್ಮಾನ ಆಗುವುದು ಒಂದನೇ ಕ್ಲಾಸಿಗೆ ಅಲ್ಲ. ಮಗುವಿಗೆ ಮೂರೂವರೆ ವರ್ಷ ಆದಾಗ. ಆ ಹೊತ್ತಿಗೆ ಓಣಿಯ ತುದಿಯಲ್ಲಿ ಬಣ್ಣದ ಗೋಡೆಯ ಒಂದು ನರ್ಸರಿ ಇರುತ್ತದೆ, ಪಕ್ಕದ ಮನೆ ಮಗು ಅಲ್ಲಿಗೆ ಹೋಗುತ್ತಿರುತ್ತದೆ, ಫೀಸು ಕಂತಿನಲ್ಲಿ ಕಟ್ಟಬಹುದು ಅಂತಾರೆ. ನಿಮ್ಮ ಶಾಲೆಯಲ್ಲಿ ಆ ವಯಸ್ಸಿನ ಮಗುವಿಗೆ ಜಾಗವೇ ಇಲ್ಲ. ಒಂದನೇ ಕ್ಲಾಸಿಗೆ ಸೇರಲು 6 ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದಿದೆ, 2025-26ಕ್ಕೆ 5 ವರ್ಷ 5 ತಿಂಗಳು ಅಂತ ಸಡಿಲಿಕೆ ಕೊಟ್ಟಿದ್ದರು. ಅಂದರೆ ಎರಡು ಎರಡೂವರೆ ವರ್ಷ ಮಗು ಬೇರೆ ಕಡೆ ಇರುತ್ತದೆ. ಅಲ್ಲಿ ಗೆಳೆಯರಾಗಿರುತ್ತಾರೆ, ಡೊನೇಷನ್ ಕಟ್ಟಿ ಆಗಿರುತ್ತದೆ, ರೈಮ್ಸ್ ಹೇಳುವ ವಿಡಿಯೋ ಅಜ್ಜಿಯ ಫೋನಿಗೆ ಹೋಗಿರುತ್ತದೆ. ಆಮೇಲೆ ಮೇ ಕೊನೆಗೆ ನೀವು ಬ್ಯಾನರ್ ಹಿಡಿದು ದಾಖಲಾತಿ ಆಂದೋಲನ ಅಂತ ಜಾಥಾ ಹೊರಟರೆ ಯಾರು ಬಿಡಿಸಿಕೊಂಡು ಬರುತ್ತಾರೆ? ಅದಕ್ಕೇ ನಿಮ್ಮ ಪೋಷಕರು ‘ಪರವಾಗಿಲ್ಲ’ ಅಂದೂ ಚಿಕ್ಕ ಮಗುವನ್ನು ಅಲ್ಲಿಗೆ ಹಾಕಿದ್ದು. ಅದರಲ್ಲಿ ಮೋಸ ಏನೂ ಇಲ್ಲ. 2018-19ರಿಂದ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಡೆ ಇಟ್ಟಿದ್ದಕ್ಕೆ ಅಲ್ಲಿ ಜನ ಬಂದರು. ಬೋರ್ಡಿನ ಹೆಸರಿಗೆ ಬಂದಿದ್ದಲ್ಲ.

ದುಡ್ಡಿನ ಮಾತು ಬಂತಲ್ಲ, ಒಂದು ಲೆಕ್ಕ ನೋಡಿ. ಕೇಂದ್ರದ ಅಂಕಿಅಂಶ ಇಲಾಖೆ 2025ರಲ್ಲಿ ದೇಶಾದ್ಯಂತ ಮಾಡಿದ ಶಿಕ್ಷಣ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ಶೇ 66ರಷ್ಟು ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದಾರೆ, ನಗರಗಳಲ್ಲಿ ಶೇ 30.1 ಮಾತ್ರ. ಸರ್ಕಾರಿ ಶಾಲೆಯ ಮಗುವಿಗೆ ಮನೆಯವರು ವರ್ಷಕ್ಕೆ ಸರಾಸರಿ 2,863 ರೂಪಾಯಿ ಖರ್ಚು ಮಾಡಿದರೆ ಉಳಿದ ಶಾಲೆಗಳ ಮಗುವಿಗೆ 25,002 ರೂಪಾಯಿ. ಕೂಲಿ ಮಾಡುವ ಮನೆಯಲ್ಲಿ ಈ ವ್ಯತ್ಯಾಸ ಅಂದರೆ ಸಂಘದ ಸಾಲ. ಆದರೂ ಕಟ್ಟುತ್ತಾರೆ. ಇದನ್ನು ‘ಶೋಕಿ’ ಅಂತ ಬೈಯುವ ಭಾಷಣಕಾರರನ್ನು ಕಂಡರೆ ನನಗೆ ಆಗುವುದಿಲ್ಲ. ತಾನು ಒಂದು ಹೊತ್ತು ಕಡಿಮೆ ಉಂಡು ಮಗುವಿನ ಫೀಸು ಕಟ್ಟುವ ತಾಯಿಯದ್ದು ಶೋಕಿ ಅಲ್ಲ. ಆಕೆಗೆ ಒಂದು ಭರವಸೆ ಬೇಕು, ಅದು ಎಲ್ಲಿ ಕಣ್ಣಿಗೆ ಕಾಣುತ್ತದೋ ಅಲ್ಲಿಗೆ ಹೋಗುತ್ತಾಳೆ.

ಕಣ್ಣಿಗೆ ಕಾಣುವುದು ಅಂದೆ. ಇದೇ ಮುಖ್ಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಜೆ ಮಗು ಮನೆಗೆ ಬಂದ ಮೇಲೆ ಓದು ಬಾರದ ತಾಯಿ ಏನು ನೋಡುತ್ತಾಳೆ? ನೋಟ್‌ಬುಕ್ಕಿನ ಹಾಳೆ ತಿರುಗಿಸುತ್ತಾಳೆ. ಪ್ರೈವೇಟ್ ಶಾಲೆಯ ನೋಟ್‌ಬುಕ್ಕಿಗೆ ಕಂದು ರ‍್ಯಾಪರ್, ಮೇಲೆ ಲೇಬಲ್, ಒಳಗೆ ಹಾಳೆ ತುಂಬಾ ಬರಹ, ಪ್ರತಿ ಹಾಳೆಗೂ ಕೆಂಪು ಇಂಕಿನ ರೈಟ್ ಮಾರ್ಕು, ಕೆಳಗೆ ಸಹಿ, ಜೊತೆಗೆ ಡೈರಿ, ಡೈರಿಯಲ್ಲಿ ನಾಳೆಯ ಹೋಂವರ್ಕ್. ನಿಮ್ಮ ಶಾಲೆಯ ಒಂದು ಎರಡು ಮೂರನೇ ಕ್ಲಾಸಿನಲ್ಲಿ ನಲಿ-ಕಲಿ. ಎಚ್.ಡಿ. ಕೋಟೆ ಕಡೆ 1995ರ ಸುಮಾರಿಗೆ ಶುರುವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಪದ್ಧತಿ. ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಗುಂಪು ಗುಂಪಾಗಿ. ಗೋಡೆಗೆ ಕಲಿಕಾ ಏಣಿ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಾರ್ಟು. ಮಗು ತನ್ನ ಮೆಟ್ಟಿಲಿನ ಕಾರ್ಡ್ ತೆಗೆದುಕೊಂಡು, ಚಿತ್ರ ನೋಡಿ, ಪಕ್ಕದವಳ ಹತ್ತಿರ ಕೇಳಿ, ಅಕ್ಷರ ತಿದ್ದಿ, ಮುಗಿದ ಮೇಲೆ ಕಾರ್ಡ್ ವಾಪಸ್ ಇಟ್ಟು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ಚೆನ್ನಾಗಿ ನಡೆಸಿದರೆ ಇದು ಬಹಳ ಒಳ್ಳೆಯ ಪದ್ಧತಿ, ಹಿಂದುಳಿದ ಮಗು ಕೂಡ ಹೆದರದೆ ಕಲಿಯುತ್ತದೆ. ಆದರೆ ಕಾರ್ಡ್ ಶಾಲೆಯಲ್ಲೇ ಉಳಿಯುತ್ತದೆ. ಮನೆಗೆ ಏನೂ ಬರುವುದಿಲ್ಲ. ತಾಯಿ ಶಾಲೆಯ ಕಿಟಕಿಯಲ್ಲಿ ಇಣುಕಿದರೆ ಮಕ್ಕಳು ನೆಲದ ಮೇಲೆ ಕೂತು ಗಲಾಟೆ ಮಾಡುತ್ತಿರುತ್ತವೆ. ‘ಏನ್ರೀ, ಬರೀ ಆಟ ಆಡಸ್ತಾರೆ’ ಅಂದುಕೊಂಡು ಬರುತ್ತಾಳೆ. ಆಕೆಯ ತಪ್ಪೇನು? ನಾವು ಯಾರೂ ಆಕೆಗೆ ಕಾರ್ಡ್ ತೋರಿಸಿ, ಇಗೋ ನಿಮ್ಮ ಮಗಳು ಜೂನ್‌ನಲ್ಲಿ ಈ ಮೆಟ್ಟಿಲಲ್ಲಿದ್ದಳು, ಈಗ ಇಲ್ಲಿದ್ದಾಳೆ ಅಂತ ಹೇಳಿಲ್ಲ.

ಇಂಗ್ಲಿಷ್ ಬಗ್ಗೆ ನೀವು ಕೇಳಿಲ್ಲ, ಆದರೂ ಆ ಮಾತು ಬಂದೇ ಬರುತ್ತದೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಎಷ್ಟು ಪೋಷಕರಿಗೆ ಗೊತ್ತು? ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಖಾಸಗಿ ಶಾಲೆಗಳ ಮೇಲೆ ಹೇರುವ ಹಾಗಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019-20ರಲ್ಲಿ ಸರ್ಕಾರವೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರು ಮಾಡಿತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಚಿಕ್ಕ ಮಗು ಮನೆಮಾತಿನಲ್ಲಿ ಓದಲು ಕಲಿತರೆ ಇಂಗ್ಲಿಷ್ ಕೂಡ ಚೆನ್ನಾಗಿ ಬರುತ್ತದೆ. ಆದರೆ ಕನ್ನಡ ಉಳಿಸುವ ಭಾರವನ್ನೆಲ್ಲ ಹಮಾಲರ ಮಕ್ಕಳ ಹೆಗಲಿಗೆ ಹಾಕಿ, ಸ್ವಂತ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಕಳಿಸುವವರ ಬಾಯಲ್ಲಿ ಈ ಮಾತು ಬಂದರೆ ಪೋಷಕರು ಕೇಳುವುದಿಲ್ಲ, ಕೇಳಲೂಬಾರದು. ನೀವು ಮಾಡಬೇಕಾದ್ದು ಇಷ್ಟೇ: ಇಂಗ್ಲಿಷ್ ವಿಭಾಗ ಬೇಕು ಅಂತ ಅರ್ಜಿ ಹಾಕುವ ಮೊದಲು, ಕಲಿಸಲು ಬರುವ ಟೀಚರ್ ಇದ್ದಾರಾ ನೋಡಿ. ಬೋರ್ಡ್ ಬದಲಾಯಿಸಿ ಟೀಚರ್ ಬದಲಾಗದಿದ್ದರೆ ಎರಡು ವರ್ಷದಲ್ಲಿ ಇದ್ದ ಮರ್ಯಾದೆಯೂ ಹೋಗುತ್ತದೆ.

ಇನ್ನು ಮುಖಂಡರು. ಇವರ ಮಾತಿನಲ್ಲಿ ಮೂರು ಪದರ ಇದೆ.

ಮೊದಲನೆಯದು ನೆನಪು. ಈಗ ಅರವತ್ತು ದಾಟಿದ ಹಿರಿಯರು ಓದಿದ್ದು ಊರಿನ ಕಾಟನ್ ಮಿಲ್‌ಗಳು ನಡೆಯುತ್ತಿದ್ದ ಕಾಲದಲ್ಲಿ. ಆಗ ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಅಂಗಡಿಯವರ ಮಗನೂ ಮಿಲ್ ಕೆಲಸದವರ ಮಗನೂ ಒಟ್ಟಿಗೆ ಕೂರುತ್ತಿದ್ದರು. ‘ಉಳಿಸಬೇಕು’ ಅಂತ ಅವರು ಹೇಳುವುದು ಆ ಶಾಲೆಯನ್ನು. ಎರಡನೆಯದು ಊರಿನ ಹೆಮ್ಮೆ. ದಾವಣಗೆರೆ ಅಂದರೆ ಈಗ ಮಿಲ್ಲಲ್ಲ, ಕಾಲೇಜು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಶುರುವಾಯಿತು, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ, ವಿಶ್ವವಿದ್ಯಾಲಯ 2009ರಲ್ಲಿ. ಹೊರರಾಜ್ಯದ ಮಕ್ಕಳು ಬಂದು ಓದುವ ಊರು. ಇಂಥ ಊರಿನಲ್ಲಿ ‘ಒಳ್ಳೆ ಶಿಕ್ಷಣ’ ಅಂದಾಗ ಕಣ್ಣ ಮುಂದೆ ಬರುವುದು ಮೆಡಿಕಲ್ ಸೀಟು, ಓಣಿಯ ಏಳನೇ ಕ್ಲಾಸ್ ಅಲ್ಲ. ಎಲ್‌ಕೆಜಿಯಿಂದಲೇ ಆ ಸೀಟಿನ ಲೆಕ್ಕ ಹಾಕುವವರೂ ಇದ್ದಾರೆ.

ಮೂರನೆಯದು ಆ ಒಬ್ಬರು ಕೊನೆಗೆ ಹೇಳಿದ ಮಾತು. ‘ನಮ್ಮ ಕಡೆಯವರ ಮಕ್ಕಳು.’ ನಿಮ್ಮ ಇಡೀ ಸರ್ವೆಯಲ್ಲಿ ಅತ್ಯಂತ ನಿಜವಾದ ಮಾತು ಅದೇ ಅಂತ ನನಗೆ ಅನಿಸುತ್ತದೆ. ಶಾಲೆ ಆರಿಸುವಾಗ ಜನ ಪಾಠ ಮಾತ್ರ ನೋಡುವುದಿಲ್ಲ, ಪಕ್ಕ ಯಾರು ಕೂರುತ್ತಾರೆ ಅಂತಲೂ ನೋಡುತ್ತಾರೆ. ಜಾತಿ, ಧರ್ಮ, ಕಸುಬು, ಮನೆಯ ಕಡೆಯ ಭಾಷೆ. ಬಾಯಿಬಿಟ್ಟು ಹೇಳುವುದಿಲ್ಲ. ‘ಅಲ್ಲಿ ವಾತಾವರಣ ಸರಿ ಇಲ್ಲ’ ಅಂತಾರೆ. ಸಿಟಿಯಲ್ಲಿ ಸ್ವಲ್ಪ ದುಡ್ಡಿದ್ದವರು ಫೀಸಿನ ಗೋಡೆ ಹಾಕಿಕೊಂಡು ಆಚೆ ಹೋದರು, ಉಳಿದವರು ಬಡವರು, ಉಳಿದವರು ಬಡವರೇ ಆದ್ದರಿಂದ ಇನ್ನಷ್ಟು ಜನ ಹೋದರು. ಸರ್ಕಾರವೂ ಇದಕ್ಕೆ ಕೈ ಜೋಡಿಸಿತು ಅನ್ನಬೇಕು. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಅಂತ ಇಟ್ಟ ಶಿಕ್ಷಣ ಹಕ್ಕು ಕಾಯ್ದೆಯ ಶೇ 25 ಸೀಟು ನಮ್ಮ ರಾಜ್ಯದಲ್ಲಿ 2012-13ರಿಂದ ಜಾರಿಗೆ ಬಂತು. ಬಡ ಮಕ್ಕಳಿಗೆ ಅದರಿಂದ ಉಪಯೋಗ ಆಯಿತು, ಇಲ್ಲ ಅನ್ನಲ್ಲ. ಆದರೆ ಲಾಟರಿಯಲ್ಲಿ ಸೀಟು ಬಂದ ಮನೆಯಲ್ಲಿ ಸಿಹಿ ಹಂಚಿದಾಗ, ಬಾರದ ಮನೆಯವರಿಗೆ ನಿಮ್ಮ ಶಾಲೆ ಸಮಾಧಾನದ ಬಹುಮಾನ ಆಯಿತು. 2019ರಲ್ಲಿ ನಿಯಮ ಬದಲಾಗಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಸೀಟು ಇಲ್ಲ ಅಂದರು. ಸೀಟು ಹೋಯಿತು, ಆಸೆ ಹೋಗಲಿಲ್ಲ.

ಮುಖಂಡರು ಬಳಸುವ ಇನ್ನೊಂದು ಮಾತಿಗೆ ನಿಮ್ಮ ಹತ್ತಿರ ಉತ್ತರ ಇರಲಿ. ‘ಐದನೇ ಕ್ಲಾಸಿನ ಮಗುವಿಗೆ ಎರಡನೇ ಕ್ಲಾಸಿನ ಪಾಠ ಓದಕ್ಕೆ ಬರಲ್ಲ ಅಂತ ಪೇಪರಿನಲ್ಲೇ ಬಂದಿದೆ’ ಅಂತಾರಲ್ವಾ? ಅದು ಅಸರ್ ಸಮೀಕ್ಷೆ, 2005ರಿಂದ ನಡೆಯುತ್ತಿದೆ. ಒಳ್ಳೆಯ ಸಮೀಕ್ಷೆಯೇ. ಆದರೆ ಅದು ಹಳ್ಳಿಗಳದ್ದು, ಮಕ್ಕಳನ್ನು ಮನೆಯಲ್ಲಿ ಪರೀಕ್ಷೆ ಮಾಡುತ್ತಾರೆ, ಸರ್ಕಾರಿ ಮತ್ತು ಖಾಸಗಿ ಎರಡೂ ಶಾಲೆಯ ಮಕ್ಕಳು ಅದರಲ್ಲಿ ಇರುತ್ತಾರೆ. ನಿಮ್ಮ ಓಣಿಯ ಶಾಲೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಹಾಗಂತ ನಿಮ್ಮ ಮಕ್ಕಳಿಗೆ ಓದಲು ಬರುತ್ತದೆ ಅಂತಲೂ ಅಲ್ಲ. ನೀವೇ ನೋಡಬೇಕು. ಒಂದು ಮಧ್ಯಾಹ್ನ ಸಾಕು, ಎರಡನೇ ಕ್ಲಾಸಿನ ಪುಸ್ತಕದ ಒಂದು ಪುಟ ಕೊಟ್ಟು ಐದನೇ ಕ್ಲಾಸಿನ ಒಬ್ಬೊಬ್ಬರ ಹತ್ತಿರ ಓದಿಸಿ. ಟೀಚರ್ ಮೇಲೆ ಗೂಬೆ ಕೂರಿಸಲು ಅಲ್ಲ, ನಿಮಗೆ ಗೊತ್ತಿರಲಿ ಅಂತ.

ಮುಖಂಡ ಅಂದರೆ ಯಾರು ಅಂತಲೂ ಸ್ವಲ್ಪ ಯೋಚಿಸಿ. ನೀವು ಕೇಳಿದ್ದು ಬಹುಶಃ ಕಾರ್ಪೊರೇಟರ್ ಆಗಿದ್ದವರು, ಸಮಾಜದ ಅಧ್ಯಕ್ಷರು, ಜಮಾತ್‌ನ ಹಿರಿಯರು, ದುಗ್ಗಮ್ಮನ ಜಾತ್ರೆಗೆ ಓಡಾಡುವ ಯುವಕರು. ಅವರ ಮಾತಿಗೆ ಬೆಲೆ ಇದೆ, ಆದರೆ ಅದು ವೇದಿಕೆಯ ಮೇಲೆ. ಕೆಲವರು ಯಾವುದೋ ಖಾಸಗಿ ಶಾಲೆಯ ಆಡಳಿತ ಮಂಡಳಿಯಲ್ಲೂ ಇರುತ್ತಾರೆ, ಅವರಿಂದ ನಿಷ್ಪಕ್ಷಪಾತ ಅಭಿಪ್ರಾಯ ಬಯಸುವುದೂ ಕಷ್ಟ. ಮೂರೂವರೆ ವರ್ಷದ ಮಗುವಿನ ತಾಯಿ ನಿಜವಾಗಿ ಸಲಹೆ ಕೇಳುವುದು ಬೇರೆಯವರನ್ನು. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಶಾಲೆ ಮಕ್ಕಳನ್ನು ಬಿಡುವ ಆಟೋದವರು, ಸ್ವಸಹಾಯ ಸಂಘದ ಪ್ರತಿನಿಧಿ. ಎಲ್ಲರಿಗಿಂತ ಜಾಸ್ತಿ, ಟ್ಯೂಷನ್ ಅಕ್ಕ. ಮೇಲೆ ಹೇಳಿದ ಕೇಂದ್ರದ 2025ರ ಸಮೀಕ್ಷೆ ಪ್ರಕಾರ ನಗರದ ಶೇ 30.7ರಷ್ಟು ಮಕ್ಕಳು ಟ್ಯೂಷನ್ ಅಥವಾ ಕೋಚಿಂಗಿಗೆ ಹೋಗುತ್ತಾರೆ. ಓಣಿಯ ಟ್ಯೂಷನ್ ಅಕ್ಕನ ಚಾಪೆ ಮೇಲೆ ಎರಡೂ ತರದ ಶಾಲೆಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಯಾರಿಗೆ ಲೆಕ್ಕ ಬರುತ್ತದೆ, ಯಾರು ಇಂಗ್ಲಿಷ್ ಸಾಲನ್ನು ಅರ್ಥ ಗೊತ್ತಿಲ್ಲದೆ ಬಾಯಿಪಾಠ ಹೇಳುತ್ತಾರೆ, ಯಾರಿಗೆ ಕನ್ನಡದ ಒತ್ತಕ್ಷರವೇ ಬರುವುದಿಲ್ಲ, ಆಕೆಗೆ ಎಲ್ಲಾ ಗೊತ್ತು. ನಿಮ್ಮ ಸರ್ವೆಗೆ ಒಬ್ಬರನ್ನೇ ಆರಿಸಿ ಅಂದರೆ ನಾನು ಆಕೆಯನ್ನೇ ಆರಿಸುತ್ತೇನೆ. ಮೊದಲು ಆಕೆಯ ಬಾಯಲ್ಲಿ ನಿಮ್ಮ ಶಾಲೆಯ ತಪ್ಪುಗಳ ಪಟ್ಟಿ ಕೇಳಿಸಿಕೊಳ್ಳಿ. ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು ಗುಂಪನ್ನು ನೀವು ಮರೆತಿದ್ದೀರಿ. ಜಗಳೂರು, ಹರಪನಹಳ್ಳಿ ಕಡೆಯಿಂದ ಕೆಲಸಕ್ಕೆ ಬಂದು ಬಾಡಿಗೆ ಮನೆಯಲ್ಲಿರುವವರು. ಅವರಿಗೆ ನಿಮ್ಮದು ದಾವಣಗೆರೆಯ ಶಾಲೆ. ಊರಿನಲ್ಲಿ ಇದ್ದಿದ್ದಕ್ಕಿಂತ ಜಾಸ್ತಿ ಮೇಷ್ಟ್ರು, ಜಾಸ್ತಿ ರೂಮು. ಹಳೇ ಊರಿನವರು ಬಿಟ್ಟು ಹೋಗಲು ಕಾರಣ ಆದ ಅದೇ ಶಾಲೆ ಇವರಿಗೆ ಬಡ್ತಿ. ಇವರ ಒಳ್ಳೆ ಮಾತು ಹಳಬರ ಕಿವಿಗೆ ಬೀಳುವುದೇ ಇಲ್ಲ, ಯಾಕೆಂದರೆ ಇವರನ್ನು ಎಸ್‌ಡಿಎಂಸಿಗೆ ಯಾರೂ ಕರೆಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ಪಟ್ಟಿಯಲ್ಲಿ ಇರುತ್ತಾರೆ, ಸಹಿಯೂ ಇರುತ್ತದೆ. ಬಾಯಿ ಬಿಟ್ಟು ಮಾತಾಡಿದವರು ಎಷ್ಟು ಜನ ಅಂತ ನೀವೇ ಲೆಕ್ಕ ಹಾಕಿ.

ಈಗ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಬರೋಣ. ಮೊದಲು ಟೀಚರ್ ಲೆಕ್ಕ, ಯಾಕೆಂದರೆ ಅದಕ್ಕೆ ಗಡುವು ಇದೆ. ಕಾಯ್ದೆಯಲ್ಲಿ 60 ಮಕ್ಕಳ ತನಕ ಇಬ್ಬರು ಟೀಚರ್, ಒಂದರಿಂದ ಐದರವರೆಗೆ ಸುಮಾರು 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 35ಕ್ಕೆ ಒಬ್ಬರು. ಮಕ್ಕಳು ಕಡಿಮೆ ಆದರೆ ‘ಹೆಚ್ಚುವರಿ’ ಅಂತ ಟೀಚರ್ ಒಬ್ಬರನ್ನು ಬೇರೆ ಶಾಲೆಗೆ ಕಳಿಸುತ್ತಾರೆ. ಒಬ್ಬರು ಹೋದರೆ ಎರಡು ಕ್ಲಾಸ್ ಒಂದೇ ರೂಮಿಗೆ ಬರುತ್ತವೆ. ಅದನ್ನು ನೋಡಿ ಇನ್ನಷ್ಟು ಪೋಷಕರು ಟಿಸಿ ಕೇಳುತ್ತಾರೆ. ಸಿಟಿಯ ಎಷ್ಟೋ ಶಾಲೆಗಳು ಮುಚ್ಚಿದ್ದು ಪಾಠ ಕೆಟ್ಟು ಅಲ್ಲ, ಈ ಸುತ್ತಿನಲ್ಲಿ ಸಿಕ್ಕಿ. ನಿಮ್ಮ ಶಾಲೆಯ ಯು-ಡೈಸ್ ಸಂಖ್ಯೆ, ಅಂದರೆ ದೇಶದ ಶಾಲೆಗಳ ಸರ್ಕಾರಿ ಮಾಹಿತಿ ಪಟ್ಟಿಯಲ್ಲಿ ನಿಮ್ಮ ಶಾಲೆಯ ಗುರುತು, 11 ಅಂಕಿಯದು, ಹೆಡ್‌ಮಾಸ್ಟರ್ ಹತ್ತಿರ ಕೇಳಿ ತೆಗೆದುಕೊಳ್ಳಿ. ಮಕ್ಕಳು, ಟೀಚರ್, ಟಾಯ್ಲೆಟ್ ಎಲ್ಲದರ ಲೆಕ್ಕ ಅಲ್ಲಿ ಏನು ಅಂತ ಹಾಕಿದ್ದಾರೆ ನೋಡಿ, ನಿಜಕ್ಕೂ ಅದಕ್ಕೂ ತಾಳೆ ಹಾಕಿ. ವ್ಯತ್ಯಾಸ ಇದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಟಾಯ್ಲೆಟ್ಟಿನ ಚಿಲಕ ಮತ್ತು ನೀರು. ಇದಕ್ಕೆ ಮುಖಂಡರನ್ನು ಕರೆಯಿರಿ. ಅವರ ಹತ್ತಿರ ಅಭಿಪ್ರಾಯ ಕೇಳಬೇಡಿ, ಕೆಲಸ ಕೇಳಿ. ‘ಶಾಲೆ ಉಳಿಸಬೇಕು ಅಂದ್ರಲ್ಲ ಅಣ್ಣಾ, ಸಿಂಟೆಕ್ಸ್ ಟ್ಯಾಂಕಿಗೆ ನೀರು ಏರಿಸೋ ಮೋಟರ್ ಕೆಟ್ಟಿದೆ, ಕಾರ್ಪೊರೇಷನ್‌ನವರ ಹತ್ತಿರ ಒಂದು ಮಾತು ಹೇಳಿ ಮಾಡಿಸಿ.’ ಸಣ್ಣ, ಮುಗಿಯುವ, ಕಣ್ಣಿಗೆ ಕಾಣುವ ಕೆಲಸ. ನೋಟ್‌ಬುಕ್ ಹಂಚಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಮಾಡಿಸಿದರೆ ಅವರ ಫೋಟೋನೂ ಹಾಕಿ, ತಪ್ಪೇನಿಲ್ಲ.

ನಲಿ-ಕಲಿ ಕಾರ್ಡ್‌ಗಳನ್ನು ಗೇಟಿನ ಹೊರಗೆ ತನ್ನಿ. ‘ಸಮುದಾಯದತ್ತ ಶಾಲೆ’ ಅಂತ ಇಲಾಖೆಯದೇ ಒಂದು ಕಾರ್ಯಕ್ರಮ ಇದೆ, ಪೋಷಕರಿಗೆ ಮಗುವಿನ ಕಲಿಕೆ ತೋರಿಸಲಿಕ್ಕೇ ಇರುವುದು. ಬಹಳ ಕಡೆ ಅದು ಭಾಷಣ, ಹಾರ, ಉಪ್ಪಿಟ್ಟಿನಲ್ಲಿ ಮುಗಿಯುತ್ತದೆ. ನೀವು ಅದನ್ನು ಸಂಜೆ ಓಣಿಯಲ್ಲಿ ಮಾಡಿ. ಶಾಮಿಯಾನ ಬೇಡ, ಮೈಕ್ ಬೇಡ. ಮಕ್ಕಳು ತಮ್ಮ ಕಾರ್ಡ್ ಹಿಡಿದುಕೊಂಡು ಸ್ವಂತ ಅಮ್ಮನ ಎದುರು ಓದಲಿ. ಅಂಗನವಾಡಿ ಮಕ್ಕಳ ತಾಯಂದಿರನ್ನು ಮುಂದೆ ಕೂರಿಸಿ. ಓದಲು ಬಾರದ ಮಗು ಇದ್ದರೆ ಮುಚ್ಚಿಡಬೇಡಿ, ಆ ಮಗುವಿಗೆ ಮುಂದಿನ ಎರಡು ತಿಂಗಳು ಏನು ಮಾಡುತ್ತೀರಿ ಅಂತ ಟೀಚರ್ ಹೇಳಲಿ. ಇದಕ್ಕೆ ಟೀಚರ್ ಒಪ್ಪದೇ ಇರಬಹುದು. ಅವರಿಗೆ ಚುನಾವಣೆ ಕೆಲಸ, ಗಣತಿ ಕೆಲಸ, ದಿನಾ ಆನ್‌ಲೈನ್ ಎಂಟ್ರಿ, ಅದರ ಮೇಲೆ ನಿಮ್ಮದೊಂದು. ಹಾಗಾಗಿ ಮೊದಲ ಸಲ ಒಂದೇ ಕ್ಲಾಸ್ ಮಾಡಿ, ತಾನಾಗಿ ಮುಂದೆ ಬರುವ ಟೀಚರ್‌ದು.

ಅಂಗನವಾಡಿ ಜೊತೆ ನಂಟು ಬೆಳೆಸಲು ಮೇ ತಿಂಗಳು ತಡ. ಡಿಸೆಂಬರ್ ಹೊತ್ತಿಗೆ ಆ ಮಕ್ಕಳು ತಿಂಗಳಿಗೊಮ್ಮೆ ನಿಮ್ಮ ಶಾಲೆಯ ಅಂಗಳಕ್ಕೆ ಬಂದು ಆಡಿ, ಒಂದನೇ ಕ್ಲಾಸಿನ ಟೀಚರ್ ಹೆಸರು ಗೊತ್ತಾಗುವಷ್ಟಾದರೂ ಆಗಬೇಕು. ಮನೆಯಲ್ಲಿ ಆ ಹೆಸರು ಹೇಳುತ್ತವೆ, ಅಷ್ಟು ಸಾಕು.

ಸರ್ವೆಯನ್ನು ಇನ್ನೊಮ್ಮೆ ಮಾಡುವುದಾದರೆ ಶಾಲೆಯವರೂ ಬೇಡ, ಎಸ್‌ಡಿಎಂಸಿಯವರೂ ಬೇಡ. ಬಿ.ಇಡಿ ಓದುವ ಮಕ್ಕಳು ಇಲ್ಲವೇ ಡಿಗ್ರಿ ಓದುವ ಓಣಿಯ ಹೆಣ್ಣುಮಕ್ಕಳ ಕೈಯಲ್ಲಿ ಮಾಡಿಸಿ. ಮನೆ ಮುಂದೆ ಕೂತು, ಗಂಡಸರಿಲ್ಲದ ಹೊತ್ತಿನಲ್ಲಿ ತಾಯಿಯನ್ನೂ, ಇದ್ದ ಹೊತ್ತಿನಲ್ಲಿ ತಂದೆಯನ್ನೂ ಬೇರೆ ಬೇರೆ ಕೇಳಲಿ. ತಂದೆ ಇಂಗ್ಲಿಷ್ ಅಂತಾನೆ, ತಾಯಿ ಪಿ.ಬಿ. ರಸ್ತೆ ದಾಟಬೇಕು, ರೈಲ್ವೆ ಗೇಟ್ ದಾಟಬೇಕು, ಮಗು ಹೇಗೆ ಹೋಗುತ್ತದೆ ಅಂತಾಳೆ. ಇದರಲ್ಲಿ ನಿಮ್ಮ ಶಾಲೆಗೆ ಅನುಕೂಲ ಇದೆ, ನಡೆದು ಹೋಗುವ ದೂರ ಅನ್ನುವುದನ್ನು ಯಾರೂ ಜೋರಾಗಿ ಹೇಳಿಕೊಂಡಿಲ್ಲ. ಪ್ರಶ್ನೆ ಐದಾರು ಸಾಕು. ‘ಶಾಲೆ ಹೇಗಿದೆ’ ಬೇಡ. ‘ಕೊನೆಯ ಸಲ ಶಾಲೆಯ ಒಳಗೆ ಯಾವಾಗ ಹೋಗಿದ್ದಿರಿ? ಅಲ್ಲಿ ಏನು ನೋಡಿದಿರಿ? ಚಿಕ್ಕ ಮಗುವಿನ ಶಾಲೆ ಬಗ್ಗೆ ಯಾರನ್ನು ಕೇಳಿದಿರಿ? ಅವರು ಏನಂದರು? ಏನು ಸರಿಯಾದರೆ ಮಗುವನ್ನು ಇಲ್ಲಿಗೆ ಕಳಿಸುತ್ತೀರಿ?’ ಹೆಸರು ಬರೆದುಕೊಳ್ಳಬೇಡಿ, ಫೋನ್ ನಂಬರ್ ಬೇಡ, ಜಾತಿ ಕಾಲಂ ಅಂತೂ ಬೇಡವೇ ಬೇಡ. ಅದನ್ನು ನೋಡಿದ ಕೂಡಲೇ ಜನ ಉತ್ತರ ಬದಲಾಯಿಸುತ್ತಾರೆ, ಫಾರಂ ಯಾರ ಕೈಗೆ ಹೋಗುತ್ತೆ ಅಂತ ಲೆಕ್ಕ ಹಾಕುತ್ತಾರೆ. ಟಿಸಿ ತೆಗೆದುಕೊಂಡ ಮನೆಗಳಿಗೆ ಮೊದಲು ಹೋಗಲಿ. ಆ ಉತ್ತರಗಳು ಬಂದ ಮೇಲೆ, ಹಳೇ ಚೀಟಿಗಳ ಜೊತೆ ನನಗೆ ಕಳಿಸಿ, ಕೂತು ನೋಡೋಣ.